ಒಂದು ತಿಂಗಳು ಜೈಲು, ಪೋಟಗಿ ಮಾಫಿ?

ನಮ್ಮ ಜತ್ತ ತಾಲೂಕಿನ ಕಟ್ಟೆಗಳ ಮೇಲೆ ಒಂದು ಮಾತು ಬೇರು ಬಿಟ್ಟು ಕುಂತಿದೆ. "ಪೋಟಗಿ ಕೊಡಲಿಲ್ಲ ಅಂದ್ರ ಏನ್ ಮಾಡ್ತಾರ? ಒಂದ್ ತಿಂಗಳ ಒಳಗ ಹಾಕ್ತಾರ. ಕುಂತು ಬಂದ್ರ ಲೆಕ್ಕ ಚುಕ್ತಾ." ಜೀವನಾಂಶಕ್ಕೆ ಮರಾಠಿಯಲ್ಲಿ ಪೋಟಗಿ ಅನ್ನುತ್ತಾರೆ. ಗಡಿಯಲ್ಲಿರುವ ನಮ್ಮ ಬಾಯಿಗೂ ಅದೇ ಶಬ್ದ ಒಗ್ಗಿದೆ. ಶಬ್ದ ಯಾವ ಕಡೆಯಿಂದಲಾದರೂ ಬರಲಿ, ಆದರೆ ಈ ಲೆಕ್ಕ ಮಾತ್ರ ಪೂರಾ ತಪ್ಪು. ಇದನ್ನು ನಂಬಿ ಎಷ್ಟೋ ತಾಯಂದಿರು ತಮ್ಮ ಮತ್ತು ಮಕ್ಕಳ ಹಕ್ಕಿನ ಹಣ ಬಿಟ್ಟುಕೊಟ್ಟಿದ್ದಾರೆ. ಅದಕ್ಕೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಕಾಯ್ದೆ ಏನು ಹೇಳುತ್ತದೆ ನೋಡೋಣ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮು ಆಗಿದೆ. ನಂಬರು ಬದಲಾದರೂ ವಿಷಯ ಅದೇ. ಗಂಡ ತಕ್ಕ ಕಾರಣವಿಲ್ಲದೆ ಹಣ ಕೊಡದಿದ್ದರೆ ಮ್ಯಾಜಿಸ್ಟ್ರೇಟರು ಮೊದಲು ವಸೂಲಿ ವಾರಂಟು ಹೊರಡಿಸುತ್ತಾರೆ. ಆ ವಾರಂಟು ನಡೆಸಿದ ಮೇಲೂ ಉಳಿದ ಬಾಕಿಗೆ ಒಂದು ತಿಂಗಳವರೆಗೆ, ಇಲ್ಲವೇ ಅದಕ್ಕಿಂತ ಮೊದಲೇ ಹಣ ಕಟ್ಟಿದರೆ ಕಟ್ಟುವವರೆಗೆ, ಜೈಲು. ಕ್ರಮ ಗಮನಿಸಿ: ಮೊದಲು ಆಸ್ತಿಯ ಮೇಲೆ ಕೈ, ಆಮೇಲೆ ಮೈಮೇಲೆ ಕೈ.

ಜೈಲಿನಲ್ಲಿ ಕಳೆದ ದಿನಗಳಿಂದ ಬಾಕಿ ತೀರುವುದಿಲ್ಲ. 1988ರಲ್ಲೇ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿದೆ. ಜೈಲು ಅನ್ನುವುದು ವಸೂಲಿಯ ಒಂದು ದಾರಿ, ಹಣಕ್ಕೆ ಬದಲಿಯಲ್ಲ. ಹಣ ಕೊಟ್ಟರೆ ಮಾತ್ರ ಸಾಲ ತೀರುತ್ತದೆ. ಹೊರಗೆ ಬಂದವನ ತಲೆಯ ಮೇಲೆ ಹಳೆಯ ಬಾಕಿ ಹಾಗೇ ಇರುತ್ತದೆ, ಅದರ ಮೇಲೆ ಹೊಸ ತಿಂಗಳದ್ದೂ ಸೇರುತ್ತದೆ. ಆದರೆ ನಮ್ಮ ಊರ ಹಿರಿಯರು ಇಬ್ಬರನ್ನೂ ಕೂಡಿಸಿ, "ಅಂವ ಜೈಲಿಗೆ ಹೋಗಿ ಬಂದಾನವ್ವಾ, ಇನ್ನೇನ್ ಬೇಕ ನಿನಗ?" ಅನ್ನುತ್ತಾರೆ. ಏನು ಬೇಕೆಂದರೆ, ಜ್ವಾಳ ಬೇಕು ಯಜಮಾನರೇ!

ಪತ್ರಿಕೆಗಳಲ್ಲಿ "ಜೀವನಾಂಶ ಕೊಡದವನಿಗೆ ನ್ಯಾಯಾಂಗ ನಿಂದನೆ, ಜೈಲು" ಅಂತ ಬರುವುದು ಬೇರೆ ದಾರಿ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯಲ್ಲಿ ಆರು ತಿಂಗಳವರೆಗೆ ಸಜೆ, 2,000 ರೂಪಾಯಿವರೆಗೆ ದಂಡ ಉಂಟು. ಬೇಕೆಂದೇ ಆದೇಶ ಮುರಿದವನ ಮೇಲೆ ಈ ಕ್ರಮ ಹೂಡಬಹುದೆಂದು ಸುಪ್ರೀಂ ಕೋರ್ಟು 2020ರ ನವೆಂಬರಿನಲ್ಲಿ ಹೇಳಿತು. 2021ರ ಫೆಬ್ರುವರಿಯಲ್ಲಿ, 2.60 ಕೋಟಿ ರೂಪಾಯಿ ಬಾಕಿ ಉಳಿಸಿಕೊಂಡಿದ್ದ ಒಬ್ಬನಿಗೆ ಅದೇ ಕೋರ್ಟು ನಾಲ್ಕು ವಾರದ ಗಡುವು ಕೊಟ್ಟು, ಕಟ್ಟದಿದ್ದರೆ ಜೈಲು ಎಂದು ಎಚ್ಚರಿಸಿತು. ಅದು ಕೋಟಿಯ ವ್ಯವಹಾರ. ನಮ್ಮ ಶಾಲೆಯ ತಾಯಂದಿರ ಆದೇಶಗಳಲ್ಲಿ ಇರುವುದು ಎರಡು ಸಾವಿರ, ಮೂರು ಸಾವಿರ. 2001ರ ತಿದ್ದುಪಡಿಯವರೆಗೆ ಕೇಂದ್ರದ ಕಾಯ್ದೆಯಲ್ಲಿ ತಿಂಗಳಿಗೆ 500 ರೂಪಾಯಿ ದಾಟುವಂತೆಯೇ ಇರಲಿಲ್ಲ ಅನ್ನುವುದನ್ನು ನೆನೆದರೆ ಇದೇ ದೊಡ್ಡದು ಅನ್ನಬೇಕೇನೋ.

ಹಾಗಾದರೆ ಜೈಲು ಬೇಕೋ ಬೇಡವೋ? ಬೇಕು ಅಂತಲೇ ನನ್ನ ಅಭಿಪ್ರಾಯ, ಆದರೆ ಇದ್ದೂ ಕೊಡದವನಿಗೆ. ಹೊಲವನ್ನೆಲ್ಲ ಅಪ್ಪನ ಹೆಸರಿಗೆ, ಟ್ರ್ಯಾಕ್ಟರನ್ನು ತಮ್ಮನ ಹೆಸರಿಗೆ ಮಾಡಿ "ನಾ ಕೂಲಿ ಮನಷ್ಯಾ ಸಾಹೇಬ್ರ" ಅಂತ ಕೈ ಮುಗಿಯುವವನಿಗೆ ಜೈಲಿನ ಬಾಗಿಲು ಕಂಡರೇ ಗಂಟು ಬಿಚ್ಚುವುದು. ನಿಜವಾಗಿ ಕೂಲಿ ಮಾಡುವವನ ಮಾತು ಬೇರೆ. ಅವನನ್ನು ಒಂದು ತಿಂಗಳು ಒಳಗಿಟ್ಟರೆ ಆ ತಿಂಗಳ ಕೂಲಿ ಹೋಯಿತು. ಹೆಂಡತಿಗೂ ಇಲ್ಲ, ಅವನಿಗೂ ಇಲ್ಲ. ಹಾಗಂತ ಅವನಿಗೂ ಪೂರಾ ಬಿಡುಗಡೆ ಇಲ್ಲ. ಮೈಯಲ್ಲಿ ಶಕ್ತಿ ಇರುವವನು ದುಡಿದಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ದುಡಿಮೆ ಬಿದ್ದುಹೋಗಿದ್ದರೆ ಆದೇಶದ ಮೊತ್ತ ಕಡಿಮೆ ಮಾಡಿಸಿಕೊಳ್ಳಲು ಅರ್ಜಿ ಹಾಕುವ ಅವಕಾಶ ಕಾಯ್ದೆಯಲ್ಲೇ ಇದೆ. ಅದು ಬಿಟ್ಟು ಕಬ್ಬಿನ ಗ್ಯಾಂಗಿನಲ್ಲಿ ಹೆಸರು ಬದಲಿಸಿ ತಿರುಗುವುದು ಯಾವ ಗಂಡಸುತನ?

ನನಗೆ ಬೇಸರವಾಗುವುದು, ಜೈಲಿಗಿಂತ ಮೊದಲಿನ ದಾರಿಯನ್ನು ಯಾರೂ ಸರಿಯಾಗಿ ತುಳಿಯದಿರುವುದು. ಬಾಕಿ ಪೋಟಗಿಯನ್ನು ದಂಡದಂತೆ ವಸೂಲು ಮಾಡಬಹುದು. ಚರ ಸೊತ್ತು ಜಪ್ತಿ ಮಾಡಬಹುದು. ಜಿಲ್ಲಾಧಿಕಾರಿಗೆ ವಾರಂಟು ಕಳಿಸಿ ಭೂಕಂದಾಯದ ಬಾಕಿಯಂತೆ ಹೊಲದ ಮೇಲೂ ಎಳೆಯಬಹುದು. ಪಗಾರದವನಾದರೆ ಇನ್ನೂ ಸುಲಭ. ದಿವಾಣಿ ಕಾಯ್ದೆಯ ಪ್ರಕಾರ ಜೀವನಾಂಶದ ಡಿಕ್ರಿಗೆ ಪಗಾರದ ಮೂರರಲ್ಲಿ ಒಂದು ಪಾಲು ಮಾತ್ರ ಅವನಿಗೆ ರಕ್ಷಣೆ, ಉಳಿದದ್ದಕ್ಕೆ ಜಪ್ತಿ ಬರುತ್ತದೆ. 2020ರ ತೀರ್ಪು ಇಬ್ಬರೂ ತಮ್ಮ ಆಸ್ತಿ, ವರಮಾನ, ಸಾಲದ ಪ್ರಮಾಣಪತ್ರ ಕೊಡಲೇಬೇಕು ಅಂತ ಮಾಡಿದೆ. ಆ ಕಾಗದವನ್ನು ನೆಟ್ಟಗೆ ತುಂಬಿಸಿ, ಗಂಡನ ಹೊಲದ ಉತಾರ ತೆಗೆಸಿ ಕೋರ್ಟಿನ ಮುಂದಿಟ್ಟರೆ ಕೆಲಸ ಅರ್ಧ ಆದಂತೆ. ನಮ್ಮಲ್ಲಿ ಆಗುವುದೇನು? ಎರಡೂ ಕಡೆಯವರಿಗೆ ಹಣಕ್ಕಿಂತ ಮಾನದ ಚಿಂತೆ. ಅವನನ್ನು ಪೊಲೀಸರು ಹಿಡಿದೊಯ್ದರೆ ತವರಿನವರಿಗೆ ಸಮಾಧಾನ, ಹೊರಗೆ ಬಂದರೆ ಅವನ ಕಡೆಯವರಿಗೆ ಗೆದ್ದ ಖುಷಿ. ಹುಡುಗಿಯ ಕೈಯಲ್ಲಿ ಒಂದು ದಮ್ಮಡಿ ಇಲ್ಲ. ದೀಪಾವಳಿ ಮುಗಿಯುವುದೇ ತಡ, ಅವಳೂ ಕುಡಗೋಲು ಹಿಡಿದು ಕಬ್ಬು ಕಡಿಯಲು ಹೊರಡುತ್ತಾಳೆ. ಮಗು ಜೊತೆಗೆ. ನಮ್ಮ ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮುಂದೆ ನಾಲ್ಕೈದು ತಿಂಗಳು ಬರೀ ಗೈರು.

ಗಡಿಯವರಿಗೆ ಇನ್ನೊಂದು ತಾಪತ್ರಯ. ನಮ್ಮ ಹುಡುಗಿಯರನ್ನು ವಿಜಯಪುರ, ಇಂಡಿ, ಅಥಣಿ ಕಡೆ ಕೊಡುವುದು ಹಿಂದಿನಿಂದಲೂ ಇದ್ದದ್ದೇ. ಗಂಡ ಬಿಟ್ಟ ಮೇಲೆ ತವರಿಗೆ ಬಂದು ಇಲ್ಲಿ ಕೇಸು ಹಾಕುತ್ತಾರೆ. ಆದೇಶ ಮರಾಠಿಯಲ್ಲಿ. ಕನ್ನಡ ಶಾಲೆ ಕಲಿತ ತಾಯಿ ಅದನ್ನು ಹಿಡಿದು ಓದಿಸಿಕೊಳ್ಳಲು ಮಾಸ್ತರರ ಹತ್ತಿರ ಬರುತ್ತಾಳೆ. ಅದೇ ಆದೇಶ ಆ ಕಡೆ ಹೋದರೆ ಅಲ್ಲಿ ಕನ್ನಡ ಬಲ್ಲವರಿಗೆ ಅದು ಓದಲು ಬಾರದು, ವಾರಂಟು "ಆಸಾಮಿ ಸಿಗಲಿಲ್ಲ" ಅಂತ ತಿರುಗಿ ಬರುತ್ತದೆ. ಆದರೆ ಹೊಸ ಸಂಹಿತೆಯ 147ನೆಯ ಕಲಮಿನಂತೆ ಗಂಡ ಎಲ್ಲಿದ್ದಾನೋ ಅಲ್ಲಿನ ಮ್ಯಾಜಿಸ್ಟ್ರೇಟರ ಮುಂದೆಯೇ ಆದೇಶದ ಪ್ರತಿ ಇಟ್ಟು ಜಾರಿ ಕೇಳಬಹುದು. ಈ ಪ್ರತಿಯನ್ನು ಹೆಂಡತಿಗೆ ಪುಕ್ಕಟೆ ಕೊಡಬೇಕೆಂದೂ ಅದರಲ್ಲೇ ಇದೆ. ಅದರ ಜೊತೆ ಒಂದು ಕನ್ನಡ ಅನುವಾದ ಇಟ್ಟುಕೊಂಡು ಹೋದರೆ ಒಳ್ಳೆಯದು. ನಾವು ಗಡಿಯ ಮಾಸ್ತರರು ಎರಡೂ ಭಾಷೆ ಬಲ್ಲವರು. ಇಷ್ಟು ಕೆಲಸ ನಮ್ಮಿಂದ ಆಗದೇ?

ಇನ್ನೊಂದು ಮಾತು ಪ್ರತಿಯೊಬ್ಬ ತಾಯಿಗೂ ಮುಟ್ಟಬೇಕು. ಹಣ ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕಬೇಕು. ತಡವಾದರೆ ಈ ಕಲಮಿನ ವಾರಂಟು ಹೊರಡುವುದಿಲ್ಲ. "ಯುಗಾದಿಗೆ ಕೊಡ್ತೀನಂದಾನ, ಸುಗ್ಗಿಗೆ ಕೊಡ್ತೀನಂದಾನ" ಅಂತ ಕಾಯುತ್ತ ಕೂತವರ ವರ್ಷ ಹಾಗೇ ಸರಿದುಹೋಗುತ್ತದೆ. ಅವನಿಗೂ ಅದೇ ಬೇಕಾಗಿರುತ್ತದೆ. ವಕೀಲರ ಫೀಜಿಗೆ ಅಂಜಿ ನಿಲ್ಲಬೇಡಿ. 1987ರ ಕಾಯ್ದೆಯಂತೆ ಹೆಂಗಸರಿಗೂ ಮಕ್ಕಳಿಗೂ, ವರಮಾನ ಎಷ್ಟೇ ಇರಲಿ, ಸರಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ತಾಲೂಕು ಕೋರ್ಟಿಗೆ ಹೋಗಿ ವಿಧಿ ಸೇವಾ ಸಮಿತಿ ಎಲ್ಲಿದೆ ಅಂತ ಕೇಳಿ. ಹೋಗುವಾಗ ಆದೇಶದ ಪ್ರತಿ, ಆಧಾರ್ ಕಾರ್ಡು, ಮತ್ತು ಯಾವ ಯಾವ ತಿಂಗಳ ಹಣ ಬಂದಿಲ್ಲ ಅನ್ನುವ ಪಟ್ಟಿ ಒಯ್ಯಿರಿ. ಪಟ್ಟಿ ಬರೆಯಲು ಬರದಿದ್ದರೆ ಶಾಲೆಗೆ ಬನ್ನಿ, ನಿಮ್ಮ ಮಗಳೇ ಬರೆದುಕೊಡುತ್ತಾಳೆ.