ಮಳೆ ಸುರಿದರೆ ಸಾಲದು, ನೀರು ನಿಲ್ಲಬೇಕು

ಕರಾವಳಿಯಲ್ಲಿ ಬೇಕಾದಷ್ಟು ಮಳೆಯಿದೆ, ಕೊರತೆಯಾದರೆ ಕೊಳವೆಬಾವಿಯಿದೆ, ಹಾಗಾಗಿ ಕಿಂಡಿ ಅಣೆಕಟ್ಟುಗಳಿಗೆ ಸುರಿಯುವ ಹಣ ದಂಡ ಎಂಬುದು ಇತ್ತೀಚೆಗೆ ಪ್ರಕಟವಾದ ಲೇಖನದ ವಾದ. ಇದನ್ನು ಒಪ್ಪಲಾಗದು.

ಮೊದಲನೆಯದು ಮಳೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಭಾಗದಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವುದು ನಿಜ. ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು ಕಡಲು ಸೇರುತ್ತದೆ. ಅಡಿಕೆ ತೋಟ ನೀರು ಕೇಳುವುದು ಬೇಸಿಗೆಯಲ್ಲಿ. ಮಳೆಗಾಲದ ಏಣೆಲು ಭತ್ತ ಮಳೆಯಲ್ಲೇ ಬೆಳೆದೀತು; ಬೇಸಿಗೆಯ ಕೊಳಕೆ ಬೆಳೆಗೆ ತೋಡಿನ (ಹಳ್ಳದ) ನೀರು ಬೇಕೇ ಬೇಕು.

ಎರಡನೆಯದು ಕೊಳವೆಬಾವಿ. ಮರುಪೂರಣವಿಲ್ಲದಿದ್ದರೆ ಅದೂ ಬತ್ತುತ್ತದೆ. ತೋಡಿಗೆ ಕಟ್ಟ (ಒಡ್ಡು) ಹಾಕಿದರೆ ಅಕ್ಕಪಕ್ಕದ ಬಾವಿಗಳಲ್ಲೂ ನೀರು ಏರುತ್ತದೆ.

ಮೂರನೆಯದು, ಸಣ್ಣ ಪ್ರಯತ್ನಗಳ ಸಾಮರ್ಥ್ಯ. ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕ ಬಳಿಯ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ನೀರಿಗಾಗಿ ಒಬ್ಬರೇ ಸುರಂಗ ಕೊರೆದು ಅಡಿಕೆ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಗೌರವ ಸಂದಿತು.

ಕಿಂಡಿಗಳಿಗೆ ಹಲಗೆ ಹಾಕದ ಅಣೆಕಟ್ಟು ನಿಷ್ಪ್ರಯೋಜಕ ಎಂಬ ಆ ಲೇಖಕರ ಮಾತು ಸರಿ. ಆದರೆ ಅದು ನಿರ್ವಹಣೆಯ ಲೋಪ, ಕಟ್ಟದ ತಪ್ಪಲ್ಲ. ಮಳೆ ಇಳಿದ ಕೂಡಲೇ, ಹರಿವು ಬತ್ತುವ ಮೊದಲೇ ಹಲಗೆ ಹಾಕೋಣ. ರೈತನ ಬೇಸಿಗೆ ಬೆಳೆ ಉಳಿಯುವುದು ಆ ಹಲಗೆಯಿಂದಲೇ.