ಒಂದು ಹೊಡೆತದ ಅಂತರ



ಈಚೆಗೆ ನಾವು ಲಿಂಗಸುಗೂರಿನ ಭಕ್ತರೊಬ್ಬರ ಮನೆಗೆ ಪ್ರಸಾದಕ್ಕೆಂದು ಹೋಗಿದ್ದೆವು. ಆ ಮನೆಯ ಮಗಳು ಎರಡು ವರ್ಷ ಹಗಲಿರುಳು ಓದಿ ಬರೆದ ಪರೀಕ್ಷೆಯಲ್ಲಿ ಒಂದೇ ಅಂಕದಿಂದ ಆಯ್ಕೆ ತಪ್ಪಿದ್ದಳು. ನಮಸ್ಕರಿಸಿ ಎದ್ದವಳು, "ಒಂದೇ ಅಂಕ ಕಮ್ಮಿ ಬಿತ್ರಿ ಅಜ್ಜಾರ" ಎಂದಷ್ಟೇ ನುಡಿದು ಒಳಗೆ ಹೋದಳು. ತಂದೆಯವರು, "ಓದಿದ್ದೆಲ್ಲ ಹೊಳ್ಯಾಗ ಹುಣಸಿಹಣ್ಣು ತೊಳದಂಗಾತು" ಎಂದು ನಿಟ್ಟುಸಿರಿಟ್ಟರು. ಆ ಕ್ಷಣದಲ್ಲಿ ನಮಗೆ ತಕ್ಕ ಉತ್ತರ ಹೊಳೆಯಲಿಲ್ಲ. ಮಸ್ಕಿಯ ಮಾರ್ಗವಾಗಿ ಸಿಂಧನೂರಿಗೆ ಮರಳುವಾಗ ಬಸ್ಸಿನಲ್ಲಿ ಕುಳಿತು ಯೋಚಿಸುತ್ತಿದ್ದ ನಮಗೆ ಬೆಂಗಳೂರಿನ ಮಗಳೊಬ್ಬಳ ಆಟ ನೆನಪಾಯಿತು.

ಆಕೆ ಅದಿತಿ ಅಶೋಕ್. ಆಕೆಯ ಆಟ ಗಾಲ್ಫ್. ನಮ್ಮ ಭಾಗದ ಬಹುಜನರಿಗೆ ಈ ಆಟ ಅಪರಿಚಿತವಾದುದರಿಂದ ಎರಡು ಮಾತು ಹೇಳುವುದು ಅವಶ್ಯ. ಸುಮಾರು 46 ಗ್ರಾಂ ತೂಕದ ಚೆಂಡನ್ನು ಕೋಲಿನಿಂದ ಹೊಡೆಯುತ್ತ, ನೂರಾರು ಗಜ ದೂರದಲ್ಲಿರುವ ನಾಲ್ಕೂಕಾಲು ಅಂಗುಲ ಅಗಲದ ಕುಳಿಗೆ ಸೇರಿಸಬೇಕು. ಇಂಥ ಹದಿನೆಂಟು ಕುಳಿಗಳನ್ನು ಮುಗಿಸಿದರೆ ಒಂದು ಸುತ್ತು. ದೊಡ್ಡ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ನಾಲ್ಕು ದಿನ ನಾಲ್ಕು ಸುತ್ತು. ಅತಿ ಕಡಿಮೆ ಹೊಡೆತಗಳಲ್ಲಿ ಮುಗಿಸಿದವರೇ ವಿಜಯಿಗಳು. ಇನ್ನೂರು ಗಜ ಹಾರಿದ ಹೊಡೆತವೂ ಒಂದೇ. ಕುಳಿಯ ಅಂಚಿನಲ್ಲಿ ಗೇಣುದ್ದ ಉರುಳಿದ ಹೊಡೆತವೂ ಒಂದೇ. ಈ ನಿಯಮದಲ್ಲಿಯೇ ಆಟದ ಕಾಠಿಣ್ಯ ಅಡಗಿದೆ.

ಟೋಕಿಯೊ ಒಲಿಂಪಿಕ್ಸ್ 2021ರ ಆಗಸ್ಟ್‌ನಲ್ಲಿ ನಡೆದಾಗ ಅದಿತಿಗೆ 23 ವರ್ಷ. ವಿಶ್ವಶ್ರೇಯಾಂಕದಲ್ಲಿ ಆಕೆಯ ಸ್ಥಾನ 200. ಕೆಲವೇ ತಿಂಗಳ ಹಿಂದೆ ಕೋವಿಡ್ ತಗುಲಿ ದೇಹಬಲ ಕುಂದಿತ್ತು. ಮೊದಲ ಹೊಡೆತದಲ್ಲಿ ಚೆಂಡು ಇತರರಷ್ಟು ದೂರ ಹೋಗುತ್ತಿರಲಿಲ್ಲ. ಆದರೆ ಕುಳಿಯ ಸಮೀಪದಲ್ಲಿ ನೆಲದ ಇಳಿಜಾರನ್ನು ಅಳೆದು ಚೆಂಡನ್ನು ಉರುಳಿಸುವ ಕೌಶಲ್ಯದಲ್ಲಿ ಆಕೆ ಯಾರಿಗೂ ಕಡಿಮೆಯಿರಲಿಲ್ಲ. ಕೋಲುಗಳ ಚೀಲವನ್ನು ಹೆಗಲಿಗೇರಿಸಿ ಪಕ್ಕದಲ್ಲಿ ನಡೆದವರು ಹೆತ್ತ ತಾಯಿ ಮಹೇಶ್ವರಿಯವರು. ಅರವತ್ತು ಮಂದಿ ಸ್ಪರ್ಧಿಗಳಲ್ಲಿ, ಮೂರು ಸುತ್ತು ಮುಗಿದಾಗ ಆಕೆ ಎರಡನೆಯ ಸ್ಥಾನದಲ್ಲಿದ್ದಳು.

ಆಗಸ್ಟ್ 7ರ ಶನಿವಾರ ಕೊನೆಯ ಸುತ್ತು. ಗಾಲ್ಫ್ ಎಂದರೇನೆಂದು ಅರಿಯದವರೂ ಅಂದು ನಸುಕಿನಲ್ಲಿಯೇ ದೂರದರ್ಶನದ ಮುಂದೆ ಕುಳಿತಿದ್ದರು. ಕೆಲವೇ ಕುಳಿಗಳು ಉಳಿದಿರುವಾಗ ಹವಾಮಾನ ಕೆಟ್ಟು ಆಟ ನಿಂತಿತು. ಪದಕದ ಹೊಸ್ತಿಲಿನಲ್ಲಿ ನಿಂತವರಿಗೆ ಆ ಕಾಯುವಿಕೆ ಎಷ್ಟು ಭಾರವಾಗಿರಬೇಕು! ಮತ್ತೆ ಆಟ ಮೊದಲಾಗಿ, ಹದಿನೆಂಟನೆಯ ಕುಳಿಯಲ್ಲಿ ಬಲು ದೂರದಿಂದ ಆಕೆ ಉರುಳಿಸಿದ ಚೆಂಡು ಕುಳಿಯನ್ನು ಸೇರದೆ ಮುಂದೆ ಸರಿಯಿತು. ನಾಲ್ಕು ದಿನಗಳ ಒಟ್ಟು ಹೊಡೆತಗಳು 269. ಅಮೆರಿಕೆಯ ನೆಲ್ಲಿ ಕೊರ್ಡಾ 267ರಲ್ಲಿ ಚಿನ್ನ ಗೆದ್ದರು. ಜಪಾನಿನ ಮೊನೆ ಇನಾಮಿ, ನ್ಯೂಜಿಲೆಂಡಿನ ಲಿಡಿಯಾ ಕೋ ಇಬ್ಬರೂ 268ರಲ್ಲಿ ಸಮನಾಗಿ ಬೆಳ್ಳಿ, ಕಂಚು ಹಂಚಿಕೊಂಡರು. ಅದಿತಿಗೆ ನಾಲ್ಕನೆಯ ಸ್ಥಾನ. ಅಂತರ ಒಂದೇ ಹೊಡೆತ.

ಬೇರೆ ಯಾವ ಸ್ಪರ್ಧೆಯಾದರೂ ಸಂತೋಷಪಡುತ್ತಿದ್ದೆ, ಒಲಿಂಪಿಕ್ಸಿನಲ್ಲಿ ನಾಲ್ಕನೆಯದು ಎಂಬುದಕ್ಕೆ ಸಂತೋಷಪಡುವುದು ಕಷ್ಟ ಎಂಬ ಭಾವವನ್ನು ಆಕೆ ಮುಚ್ಚಿಡಲಿಲ್ಲ. ನಮಗೆ ಮೆಚ್ಚುಗೆಯಾದುದು ಈ ಪ್ರಾಮಾಣಿಕತೆಯೇ. ನೋವನ್ನು ನೋವೆಂದಳು, ಆದರೆ ಪಟ್ಟ ಶ್ರಮವನ್ನು ವ್ಯರ್ಥವೆನ್ನಲಿಲ್ಲ.

ಈ ಕಥೆಗೆ ಸುಖಾಂತದ ಸಿಹಿ ಲೇಪಿಸಲು ನಮಗೆ ಇಷ್ಟವಿಲ್ಲ. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಮೂರನೆಯ ಸುತ್ತನ್ನು ಆಕೆ 61 ಹೊಡೆತಗಳಲ್ಲಿ ಮುಗಿಸಿ ಏಳು ಹೊಡೆತಗಳಷ್ಟು ಮುಂದಿದ್ದಳು. 2023ರ ಅಕ್ಟೋಬರ್ 1ರಂದು ಕೊನೆಯ ಸುತ್ತಿಗೆ 77 ಹೊಡೆತಗಳು ಬೇಕಾದವು. ಚಿನ್ನ ಥಾಯ್ಲೆಂಡಿನ ಆಟಗಾರ್ತಿಯ ಪಾಲಾಯಿತು. ಆದರೂ ಅಂದು ದೊರೆತ ಬೆಳ್ಳಿ, ಏಷ್ಯನ್ ಕ್ರೀಡಾಕೂಟದ ಗಾಲ್ಫ್‌ನಲ್ಲಿ ಭಾರತೀಯ ಮಹಿಳೆಯೊಬ್ಬಳು ಗಳಿಸಿದ ಮೊದಲ ಪದಕ.

ಈಗ ಲಿಂಗಸುಗೂರಿನ ಆ ಮನೆಯ ಪ್ರಶ್ನೆಗೆ ಬರೋಣ. 269 ಹೊಡೆತಗಳಲ್ಲಿ ಪದಕ ತಪ್ಪಿಸಿದ ಹೊಡೆತ ಯಾವುದು? ಎಲ್ಲರ ಕಣ್ಣಿಗೆ ಬಿದ್ದದ್ದು ಕೊನೆಯದು. ಆದರೆ ಮೊದಲ ದಿನ ಯಾವುದೋ ಕುಳಿಯಲ್ಲಿ ಉಳಿಸಬಹುದಾಗಿದ್ದ ಹೊಡೆತವೂ ಅಷ್ಟೇ ಬೆಲೆಯುಳ್ಳದ್ದು. ಹಾಗೆಯೇ ಉಳಿದ 268ರಲ್ಲಿ ಒಂದು ತಪ್ಪಿದ್ದರೂ ಆಕೆ ಇನ್ನೂ ಹಿಂದಿರುತ್ತಿದ್ದಳು. ಕೈತಪ್ಪಿದ ಒಂದನ್ನು ಎಣಿಸುವ ನಾವು ಕೈಸೇರಿದವುಗಳನ್ನು ಎಣಿಸುವುದೇ ಇಲ್ಲ.

ನಮ್ಮ ಸಿಂಧನೂರಿನ ರೈತರಿಗೆ ಇದು ಹೊಸ ಮಾತಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿ ಕಡೆಯ ಒಂದು ನೀರು ಬಾರದೆ ತೆನೆಗಟ್ಟಿದ ಭತ್ತ ಒಣಗಿದ್ದನ್ನು ಅವರು ಕಂಡಿದ್ದಾರೆ. ಆ ದುಃಖ ಸಣ್ಣದಲ್ಲ. ಆದರೆ ಆ ಕಾರಣಕ್ಕೆ ಯಾವ ರೈತನೂ ತನ್ನ ಉಳುಮೆ ಸುಳ್ಳಾಗಿತ್ತು ಎನ್ನುವುದಿಲ್ಲ. ಮುಂದಿನ ಹಂಗಾಮಿಗೆ ಅದೇ ನೆಲಕ್ಕೆ ಇಳಿಯುತ್ತಾನೆ.

ಆದುದರಿಂದ ತಂದೆತಾಯಿಗಳಲ್ಲಿ ನಮ್ಮ ವಿನಂತಿಯಿಷ್ಟೆ. ಮಗು ಒಂದು ಅಂಕದಿಂದ ಸೋತು ಬಂದ ದಿನ ಉಪದೇಶ ಬೇಡ, ಲೆಕ್ಕಾಚಾರವೂ ಬೇಡ. ಅಳಲು ಬಿಡಿರಿ, ಬಳಿಯಲ್ಲಿ ಕುಳಿತು ಒಂದು ತುತ್ತು ಉಣಿಸಿರಿ. ಚೀಲ ಹೊತ್ತು ಪಕ್ಕದಲ್ಲಿ ನಡೆದ ಆ ತಾಯಿ ಮಗಳ ಬದಲು ಒಂದು ಹೊಡೆತವನ್ನೂ ಹೊಡೆಯುವಂತಿರಲಿಲ್ಲ. ಜೊತೆಯಲ್ಲಿ ನಡೆಯಬಹುದಿತ್ತು, ನಡೆದಳು. ಹೆತ್ತವರ ಕಾಯಕವೂ ಅದೇ.

ಆ ಮಗಳಿಗೆ ಅಂದು ಹೇಳಲಾಗದ ಮಾತನ್ನು ಇಲ್ಲಿ ಬರೆದಿದ್ದೇವೆ. ಈ ಸಂಚಿಕೆ ಆಕೆಯ ಕೈಸೇರಲಿ.