ಕಾಲೇಜು ಯಾವ ಊರಿಗೆ ಎಂಬುದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆ

ಒಂದು ವೈದ್ಯಕೀಯ ಕಾಲೇಜಿಗಾಗಿ ರಾಮನಗರ 2023ರ ಸೆಪ್ಟೆಂಬರ್‌ನಲ್ಲಿ ಬಂದ್ ಆಚರಿಸಿತು. ತನಗೆ ಸಲ್ಲಬೇಕಾದ ಕಾಲೇಜು ಕನಕಪುರದ ಪಾಲಾಗುತ್ತಿದೆ ಎಂಬುದು ಆ ಊರಿನ ಆಕ್ರೋಶವಾಗಿತ್ತು. ಅದಕ್ಕೆ ನಾಲ್ಕು ವರ್ಷ ಮೊದಲು, 2019ರಲ್ಲಿ, ಕನಕಪುರಕ್ಕೆಂದು ಗೊತ್ತಾಗಿದ್ದ ಕಾಲೇಜನ್ನು ಚಿಕ್ಕಬಳ್ಳಾಪುರಕ್ಕೆ ಒಯ್ಯಲಾಯಿತೆಂದು ಕನಕಪುರದವರು ನೊಂದುಕೊಂಡಿದ್ದರು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವನ್ನು ಬೆಂಗಳೂರಿನ ಜಯನಗರದಿಂದ ರಾಮನಗರದ ಅರ್ಚಕರಹಳ್ಳಿಗೆ ತರುವ ಯೋಜನೆಯಂತೂ ಜಮೀನಿನ ತಕರಾರಿನಲ್ಲಿ ಸಿಕ್ಕಿ ವರ್ಷಗಟ್ಟಲೆ ನೆನೆಗುದಿಗೆ ಬಿದ್ದಿತು. ಹೀಗೆ ಎರಡು ದಶಕಗಳ ಕಾಲ ಈ ಜಿಲ್ಲೆಯ ಆರೋಗ್ಯ ರಾಜಕಾರಣವೆಲ್ಲ ಅಡಿಗಲ್ಲು, ಎಕರೆ ಮತ್ತು ಕಟ್ಟಡಗಳ ಸುತ್ತಲೇ ಗಿರಕಿ ಹೊಡೆದಿದೆ. ಇಪ್ಪತ್ತೈದು ಕಿಲೋಮೀಟರ್ ಆಸುಪಾಸಿನ ಎರಡು ಊರುಗಳ ಈ ಪೈಪೋಟಿಯಲ್ಲಿ ನಾನು ಯಾರ ಪರವೂ ಅಲ್ಲ. ಎರಡೂ ಊರಿನವರ ಬೇಡಿಕೆಯಲ್ಲಿ ನ್ಯಾಯವಿದೆ. ಆದರೆ ಕಟ್ಟಡ ಎದ್ದ ಮೇಲೆ ರಾತ್ರಿ ಹನ್ನೊಂದಕ್ಕೆ ಅದರೊಳಗೆ ಯಾರಿರುತ್ತಾರೆ ಎಂಬುದನ್ನು ಬಂದ್ ಮಾಡಿದವರೂ ಕೇಳಲಿಲ್ಲ, ಮಾಡಿಸಿಕೊಂಡವರೂ ಹೇಳಲಿಲ್ಲ.

ಈ ಪ್ರಶ್ನೆ ನನಗೆ ಹೊಳೆದದ್ದು ಗ್ರಂಥಾಲಯದಲ್ಲಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಸೋದರತ್ತೆ ರಾತ್ರಿ ಹಿತ್ತಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಊರಿನ ಆಶಾ ಕಾರ್ಯಕರ್ತೆಯೇ ಆಂಬುಲೆನ್ಸ್‌ಗೆ ಫೋನು ಮಾಡಿ, ತಾನೂ ಜತೆಗೆ ಹತ್ತಿ ಕುಳಿತರು. ನಾವು ಹೋದದ್ದು ಈ ನಾಲ್ಕು ಪಟ್ಟಣಗಳ ಪೈಕಿ ಒಂದರ ಆಸ್ಪತ್ರೆಗೆ. ಯಾವುದೆಂದು ಹೇಳಬೇಕಾದ ಅಗತ್ಯವಿಲ್ಲ. ಎಕ್ಸ್‌ರೇ ಕೋಣೆಯ ಬಾಗಿಲು ತೆರೆದೇ ಇತ್ತು, ಒಳಗೆ ಯಂತ್ರ ಬಟ್ಟೆ ಹೊದ್ದು ನಿಂತಿತ್ತು. "ಮಿಷನ್ ಚೆನ್ನಾಗೇ ಐತೆ ಸಾ, ನಡ್ಸೋರು ಬೆಳಗ್ಗೆ ಬತ್ತಾರೆ" ಎಂದರು ಕಾವಲಿನವರು. ಇದ್ದ ಒಬ್ಬರೇ ತಂತ್ರಜ್ಞರು ಹಗಲು ಪಾಳಿ ಮುಗಿಸಿ ಹೋಗಿದ್ದರು. ಅವರದೇನೂ ತಪ್ಪಿರಲಿಲ್ಲ. ಅತ್ತೆಯನ್ನು ಅದೇ ಆಂಬುಲೆನ್ಸ್‌ನಲ್ಲಿ ಬೆಂಗಳೂರಿಗೆ ಸಾಗಿಸಿದೆವು. ಪ್ರತಿ ರಸ್ತೆ ಉಬ್ಬಿಗೂ ಅವರು ನನ್ನ ಕೈಯನ್ನು ಹಿಸುಕುತ್ತಿದ್ದರು.

ಸರ್ಕಾರಿ ಲೆಕ್ಕದಲ್ಲಿ ಆ ಹುದ್ದೆ ಭರ್ತಿಯಾಗಿತ್ತು. ಮಂಜೂರಾದದ್ದು ಒಂದು, ಭರ್ತಿಯಾದದ್ದು ಒಂದು, ಖಾಲಿ ಸೊನ್ನೆ. ಆದರೆ ಓದುಗರು ಒಂದು ಸಣ್ಣ ಲೆಕ್ಕ ಹಾಕಿ ನೋಡಬೇಕು. ಒಂದು ಯಂತ್ರವನ್ನು ಹಗಲಿರುಳೂ ನಡೆಸಲು ದಿನಕ್ಕೆ ಮೂರು ಪಾಳಿ ಬೇಕು, ಅಂದರೆ ವರ್ಷಕ್ಕೆ 1,095 ಪಾಳಿ. ವಾರದ ರಜೆ, ಹಬ್ಬ, ಗಳಿಕೆ ರಜೆ, ಕಾಯಿಲೆ, ತರಬೇತಿ ಎಲ್ಲವನ್ನೂ ಕಳೆದರೆ ಒಬ್ಬ ನೌಕರ ವರ್ಷದಲ್ಲಿ ಹೆಚ್ಚೆಂದರೆ 270 ದಿನ ಕೆಲಸಕ್ಕೆ ಸಿಗುತ್ತಾನೆ. ಭಾಗಿಸಿದರೆ ನಾಲ್ಕು ಮಂದಿ ಬೇಕಾಗುತ್ತದೆ. ಎಂದಮೇಲೆ 'ಖಾಲಿ ಸೊನ್ನೆ' ಎಂದು ಬರೆದ ಜಾಗದಲ್ಲಿ ನಿಜವಾಗಿ ಇದ್ದದ್ದು ಮೂರು ಜನರ ಕೊರತೆ.

ವಿಶ್ವ ಆರೋಗ್ಯ ಸಂಸ್ಥೆ ದಶಕಗಳಿಂದ ಬಡಬಡಿಸುತ್ತಿರುವುದೂ ಇದನ್ನೇ. ಜನಸಂಖ್ಯೆಗೆ ಇಂತಿಷ್ಟು ವೈದ್ಯರು, ಹಾಸಿಗೆಗೆ ಇಂತಿಷ್ಟು ದಾದಿಯರು ಎಂಬ ಒಣ ಅನುಪಾತವನ್ನು ಬಿಟ್ಟು, ಆಯಾ ಕೇಂದ್ರದಲ್ಲಿ ನಿಜವಾಗಿ ನಡೆಯುವ ಕೆಲಸವನ್ನು ಅಳೆದು ಸಿಬ್ಬಂದಿಯನ್ನು ನಿರ್ಧರಿಸುವ ವಿಧಾನವೊಂದನ್ನು ಅದು 1998ರಲ್ಲೇ ಕೈಪಿಡಿಯಾಗಿ ಹೊರತಂದಿತು, 2010ರಲ್ಲಿ ಪರಿಷ್ಕರಿಸಿತು. ಒಂದು ಹೆರಿಗೆಗೆ ಎಷ್ಟು ಹೊತ್ತು, ಒಂದು ಲಸಿಕೆ ಸುತ್ತಿಗೆ ಎಷ್ಟು ಹೊತ್ತು, ದಾಖಲೆ ಬರೆಯಲು ಎಷ್ಟು ಹೊತ್ತು ಎಂದು ಕೂಡಿಸಿ, ಒಬ್ಬರು ವರ್ಷದಲ್ಲಿ ಕೊಡಬಲ್ಲ ಹೊತ್ತಿನಿಂದ ಭಾಗಿಸುವುದು. ಇದರಲ್ಲಿ ರಾಕೆಟ್ ವಿಜ್ಞಾನವೇನೂ ಇಲ್ಲ, ನಮ್ಮ ರೇಷ್ಮೆ ಬಿಚ್ಚಾಣಿಕೆದಾರರು ಎಷ್ಟು ಗೂಡಿಗೆ ಎಷ್ಟು ಆಳು ಎಂದು ದಿನವೂ ಹಾಕುವ ಲೆಕ್ಕವೇ ಇದು.

ಅನುಪಾತಗಳು ಹಾದಿ ತಪ್ಪಿಸುವುದಕ್ಕೆ ಈ ಜಿಲ್ಲೆಗಿಂತ ಉತ್ತಮ ಉದಾಹರಣೆ ಸಿಗಲಾರದು. ಬಯಲು ಸೀಮೆಯಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ನಮ್ಮ ನಿಯಮ. ಬಿಡದಿಯ ಕೈಗಾರಿಕಾ ಪ್ರದೇಶಕ್ಕೂ ಅದೇ ಅಳತೆ, ಕಾಡಂಚಿನಲ್ಲಿ ಚದುರಿಕೊಂಡಿರುವ ಕೋಡಿಹಳ್ಳಿ, ಸಾತನೂರು ಕಡೆಯ ಹಳ್ಳಿಗಳಿಗೂ ಅದೇ ಅಳತೆ. ರಾಮನಗರದ ನೂಲು ಬಿಚ್ಚುವ ಮನೆಗಳಲ್ಲಿ ಹಬೆಯ ನಡುವೆ, ಬಿಸಿನೀರಿನಲ್ಲಿ ಕೈಯಿಟ್ಟು ದುಡಿಯುವವರ ಕಾಯಿಲೆ ಬೇರೆ, ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರ ಎದೆ ಸೇರುವ ಮರದ ಧೂಳು ಬೇರೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥದ ಅಪಘಾತಗಳು ತಂದೊಡ್ಡುವ ತುರ್ತು ಇನ್ನೂ ಬೇರೆ. ಮಾಗಡಿಯ ರೋಗಿಗೆ ತುಮಕೂರು ಒಂದು ದಾರಿ, ಚನ್ನಪಟ್ಟಣದವರಿಗೆ ಮಂಡ್ಯ ಒಂದು ದಾರಿ. ತಲೆ ಎಣಿಸುವ ಅನುಪಾತಕ್ಕೆ ಇವು ಯಾವುವೂ ಕಾಣುವುದಿಲ್ಲ.

ಇನ್ನೊಂದು ತೊಡಕು ಬೆಂಗಳೂರಿನ ಸಾಮೀಪ್ಯ. ಯಾದಗಿರಿಯ ವೈದ್ಯ ಇಷ್ಟವಿಲ್ಲದಿದ್ದರೂ ಯಾದಗಿರಿಯಲ್ಲೇ ಮನೆ ಮಾಡಬೇಕು. ಇಲ್ಲಿ ನಿಯೋಜನೆಗೊಂಡವರು ಸಂಜೆಯ ರೈಲಿಗೆ ಬೆಂಗಳೂರು ಸೇರಬಹುದು. ಮಕ್ಕಳ ಶಾಲೆ ಅಲ್ಲಿ, ಸಂಗಾತಿಯ ಉದ್ಯೋಗ ಅಲ್ಲಿ. ಇದನ್ನು ನಾನು ದೂರುತ್ತಿಲ್ಲ, ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆನೇನೋ. ಆದರೆ ಸಿಸೇರಿಯನ್ ಹೆರಿಗೆಗೆ ಪ್ರಸೂತಿ ತಜ್ಞರು, ಅರಿವಳಿಕೆ ತಜ್ಞರು, ಮಕ್ಕಳ ತಜ್ಞರು ಮೂವರೂ ಒಂದೇ ಹೊತ್ತಿಗೆ ಬೇಕು. ಅರಿವಳಿಕೆ ತಜ್ಞರೊಬ್ಬರು ಕೆಂಗೇರಿಯಲ್ಲಿ ಮಲಗಿದ್ದರೆ ಉಳಿದಿಬ್ಬರ ಸಂಬಳ ಆ ರಾತ್ರಿಯ ಮಟ್ಟಿಗೆ ವ್ಯರ್ಥ. 2025ರ ಮೇ ತಿಂಗಳಲ್ಲಿ ಜಿಲ್ಲೆಗೆ 'ಬೆಂಗಳೂರು ದಕ್ಷಿಣ' ಎಂದು ಮರುನಾಮಕರಣ ಮಾಡಲು ಸಚಿವ ಸಂಪುಟ ತೀರ್ಮಾನಿಸಿತು. ಜಮೀನಿನ ಬೆಲೆಗೆ ಆ ಹೆಸರು ಏನು ಮಾಡುತ್ತದೋ ತಿಳಿದವರು ಹೇಳಲಿ, ಆಸ್ಪತ್ರೆಯ ರಾತ್ರಿಪಾಳಿಗಂತೂ ಅದರಿಂದ ಆಗಬೇಕಾದದ್ದೇನೂ ಇಲ್ಲ.

ವಿಪರ್ಯಾಸವೆಂದರೆ, ಆರೋಗ್ಯ ಸಿಬ್ಬಂದಿಯನ್ನು ತಯಾರು ಮಾಡುವುದು ಹೇಗೆ ಎಂದು ಹೊರಗಿನವರು ಬಂದು ಪ್ರಯೋಗ ನಡೆಸಿದ ಊರು ಇದೇ. ಕ್ಲೋಸ್‌ಪೇಟೆ ಎಂಬ ಹೆಸರಿದ್ದ ಕಾಲದಲ್ಲಿ, ಸ್ವಾತಂತ್ರ್ಯಕ್ಕೆ ಮುನ್ನ, ಮೈಸೂರು ಸಂಸ್ಥಾನ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಇಲ್ಲಿ ಆರೋಗ್ಯ ತರಬೇತಿ ಕೇಂದ್ರವನ್ನು ತೆರೆಯಿತು. ಪಶ್ಚಿಮ ಬಂಗಾಳದ ಸಿಂಗೂರು, ದೆಹಲಿ ಬಳಿಯ ನಜಫ್‌ಗಢ, ಮದ್ರಾಸ್ ಬಳಿಯ ಪೂನಮಲ್ಲಿಗಳ ಜತೆಗೆ ರಾಮನಗರದ ಹೆಸರೂ ದೇಶದ ಸಾರ್ವಜನಿಕ ಆರೋಗ್ಯದ ಚರಿತ್ರೆಯಲ್ಲಿ ಸೇರಿತು. ಆರೋಗ್ಯ ನಿರೀಕ್ಷಕರು, ಸೂಲಗಿತ್ತಿಯರು, ದಾದಿಯರು ಹಳ್ಳಿಯ ನಡುವೆಯೇ ಹಳ್ಳಿಯ ಕೆಲಸ ಕಲಿಯಬೇಕು ಎಂಬುದು ಅದರ ಹಿಂದಿದ್ದ ವಿಚಾರ. 1952ರಿಂದ 54ರವರೆಗೆ ವಿಶ್ವ ಆರೋಗ್ಯ ಸಂಸ್ಥೆಯ ಸಹಕಾರದಿಂದ ಭಾರತ ಸರ್ಕಾರ ಕುಟುಂಬ ಯೋಜನೆಯ 'ಸುರಕ್ಷಿತ ಅವಧಿ' ವಿಧಾನದ ಪ್ರಯೋಗ ನಡೆಸಿದಾಗ ಆರಿಸಿಕೊಂಡ ಎರಡು ಜಾಗಗಳೆಂದರೆ ದೆಹಲಿಯ ಲೋದಿ ಕಾಲೊನಿ ಮತ್ತು ರಾಮನಗರ. ಹೆಂಗಸರಿಗೆ ದಿನ ಎಣಿಸಲು ಬಣ್ಣದ ಮಣಿಸರ ಕೊಟ್ಟ ಆ ಪ್ರಯೋಗ ಹೆಚ್ಚು ಫಲ ಕೊಡಲಿಲ್ಲ, ಆ ಮಾತು ಬೇರೆ. ಆದರೆ ಅಂದಿನವರಿಗೆ ಕಟ್ಟಡಕ್ಕಿಂತ ಮೊದಲು ಕಾಣುತ್ತಿದ್ದದ್ದು ಕೆಲಸಗಾರ.

ವೈದ್ಯರ ಸಂಖ್ಯೆಯೇ ಕಡಿಮೆಯಿರುವುದರಿಂದ ಹೀಗಾಗಿದೆ, ಕಾಲೇಜು ಬಂದರೆ ಸರಿಹೋಗುತ್ತದೆ ಎಂದು ವಾದಿಸುವವರಿದ್ದಾರೆ. ಕರ್ನಾಟಕದ ಮಟ್ಟಿಗೆ ಈ ವಾದ ನಿಲ್ಲುವುದಿಲ್ಲ. ಹತ್ತು ಲಕ್ಷ ಜನಸಂಖ್ಯೆಗೆ ನೂರು ಎಂಬಿಬಿಎಸ್ ಸೀಟು ಸಾಕು ಎಂಬ ಮಿತಿಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರಲ್ಲಿ ಹೇರಲು ಹೊರಟಾಗ, ಆ ಮಿತಿಯನ್ನು ಆಗಲೇ ದಾಟಿದ್ದ ರಾಜ್ಯಗಳಲ್ಲಿ ನಮ್ಮದೂ ಒಂದು. ದಕ್ಷಿಣದ ರಾಜ್ಯಗಳ ವಿರೋಧದಿಂದ ಆಯೋಗ ಅದನ್ನು ತಡೆಹಿಡಿಯಬೇಕಾಯಿತು. ಇದೇ ಜಿಲ್ಲೆಯ ಹಾರೋಹಳ್ಳಿಯ ಬಳಿ ಖಾಸಗಿ ವೈದ್ಯಕೀಯ ಕಾಲೇಜೊಂದು ಈಗಾಗಲೇ ಇದೆ. ನಾವು ವೈದ್ಯರನ್ನು ಬೆಳೆಯುತ್ತೇವೆ. ಬೆಳೆ ಬೆಂಗಳೂರಿಗೆ, ಅಲ್ಲಿಂದ ಪರದೇಶಕ್ಕೆ ಹೋಗುತ್ತದೆ. ಶ್ರೀಮಂತ ರಾಷ್ಟ್ರಗಳಲ್ಲಿ ದುಡಿಯುವ ವಲಸಿಗ ವೈದ್ಯರಲ್ಲಿ ಭಾರತದವರದೇ ದೊಡ್ಡ ಪಾಲು. ಬಡ ದೇಶಗಳಿಂದ ಹೀಗೆ ಸಿಬ್ಬಂದಿಯನ್ನು ಸೆಳೆಯುವುದಕ್ಕೆ ನೀತಿಸಂಹಿತೆಯೊಂದನ್ನು ವಿಶ್ವ ಆರೋಗ್ಯ ಸಭೆ 2010ರಲ್ಲಿ ಅಂಗೀಕರಿಸಿತಾದರೂ ಅದನ್ನು ಪಾಲಿಸುವುದು ಅವರವರ ಇಚ್ಛೆಗೆ ಬಿಟ್ಟದ್ದು. ಲಂಡನ್ನು ನಮ್ಮ ದಾದಿಯರನ್ನು ಕರೆಯುವುದು ತಪ್ಪಾದರೆ, ಬೆಂಗಳೂರು ಮಾಗಡಿಯ ದಾದಿಯರನ್ನು ಕರೆಯುವುದಕ್ಕೆ ಏನೆನ್ನಬೇಕು?

ಹಾಗಾದರೆ ಹಳ್ಳಿಯಲ್ಲಿ ನಿಲ್ಲುವವರು ಯಾರು? ಹಲವು ದೇಶಗಳ ಅನುಭವ ಹೇಳುವ ಉತ್ತರ ಒಂದೇ: ಆ ಹಳ್ಳಿಯ ಕಡೆಯಿಂದಲೇ ಬಂದವರು. ಜಪಾನ್ 1972ರಲ್ಲಿ ಜಿಚಿ ವೈದ್ಯಕೀಯ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ್ದೇ ಇದಕ್ಕಾಗಿ. ಅಲ್ಲಿನ ಪ್ರತಿ ಪ್ರಾಂತ್ಯವೂ ವರ್ಷಕ್ಕೆ ತನ್ನ ಎರಡು-ಮೂರು ವಿದ್ಯಾರ್ಥಿಗಳನ್ನು ಆರಿಸಿ ಕಳಿಸುತ್ತದೆ. ಆರು ವರ್ಷದ ಓದಿನ ಖರ್ಚು ಸಾಲವೆಂದು ಲೆಕ್ಕ. ತವರು ಪ್ರಾಂತ್ಯಕ್ಕೆ ಮರಳಿ ಒಂಬತ್ತು ವರ್ಷ ದುಡಿದರೆ ಸಾಲ ಮನ್ನಾ. ಥಾಯ್ಲೆಂಡ್ ಎಪ್ಪತ್ತರ ದಶಕದಲ್ಲೇ ವೈದ್ಯ ಪದವೀಧರರಿಗೆ ಮೂರು ವರ್ಷದ ಸರ್ಕಾರಿ ಸೇವೆಯನ್ನು ಕಡ್ಡಾಯ ಮಾಡಿತು. ಕಡ್ಡಾಯವೊಂದೇ ಸಾಲದೆಂದು ಅರಿತು ಎಂಬತ್ತರ ದಶಕದ ಆರಂಭದಲ್ಲಿ ನಗರಗಳ ಹೊಸ ಆಸ್ಪತ್ರೆಗಳ ಹಣವನ್ನು ಕೆಲವು ವರ್ಷ ತಡೆದು ಜಿಲ್ಲಾ ಮಟ್ಟದ ಗ್ರಾಮೀಣ ಆಸ್ಪತ್ರೆಗಳಿಗೆ ತಿರುಗಿಸಿತು. ದಾದಿಯರನ್ನು ಆಯಾ ಪ್ರದೇಶದಿಂದಲೇ ಆರಿಸಿ, ಅಲ್ಲೇ ಕಲಿಸಿ, ಅಲ್ಲೇ ನೇಮಿಸಿತು. ಬ್ರೆಜಿಲ್ ಇದಕ್ಕೆ ವಿರುದ್ಧದ ದಾರಿ ಹಿಡಿದು 2013ರಿಂದ ಕ್ಯೂಬಾದ ಸಾವಿರಾರು ವೈದ್ಯರನ್ನು ಕರೆಸಿಕೊಂಡಿತು. 2018ರ ಕೊನೆಯಲ್ಲಿ ರಾಜಕೀಯ ಕೆಟ್ಟು ಕ್ಯೂಬಾ ಅವರನ್ನು ವಾಪಸು ಕರೆದಾಗ ದೂರದ ಊರುಗಳು ಮತ್ತೆ ಬರಿದಾದವು.

ನಮ್ಮಲ್ಲೂ ಗ್ರಾಮೀಣ ಮೀಸಲಾತಿ ಇದೆ. ಸಿಇಟಿ ಮೂಲಕ ಹಂಚುವ ಸೀಟುಗಳಲ್ಲಿ ಹಳ್ಳಿಯಲ್ಲಿ ಹತ್ತು ವರ್ಷ ಓದಿದವರಿಗೆ ಶೇಕಡ 15, ಕನ್ನಡ ಮಾಧ್ಯಮದವರಿಗೆ ಶೇಕಡ 5. ಇದು ಒಳ್ಳೆಯ ಕ್ರಮವೇ. ಆದರೆ ಹಳ್ಳಿಯ ಮಗುವನ್ನು ಕಾಲೇಜಿಗೆ ಕರೆದೊಯ್ಯುವ ಈ ದಾರಿಗೆ ಮರಳಿ ಬರುವ ಬದಿಯಿಲ್ಲ. ಅತ್ತ 2012ರ ಕಡ್ಡಾಯ ಸೇವಾ ಕಾಯ್ದೆ ಎಲ್ಲ ಪದವೀಧರರನ್ನೂ ಒಂದು ವರ್ಷ ಹಳ್ಳಿಗೆ ಕಳಿಸಲು ಹೊರಟು, ಕೋರ್ಟು ಕಚೇರಿ ಹತ್ತಿ, 2023ರ ತಿದ್ದುಪಡಿಯಲ್ಲಿ ಖಾಲಿ ಹುದ್ದೆ ಇದ್ದಷ್ಟಕ್ಕೆ ಸೀಮಿತವಾಯಿತು. ಯಾವ ಊರೂ ತಮ್ಮದಲ್ಲ ಎಂದು ದಿನ ಎಣಿಸುವ ತರುಣ ವೈದ್ಯರಿಂದ ಒಂದು ವರ್ಷ ದೊರೆಯಬಹುದು, ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸುವುದು ಕಷ್ಟ. ಮೀಸಲಾತಿಯನ್ನೂ ಸೇವೆಯನ್ನೂ ಒಂದೇ ಒಪ್ಪಂದದಲ್ಲಿ ಬೆಸೆಯುವ ಯೋಚನೆ ನಮ್ಮ ಆಳುವವರಿಗೆ ಏಕೆ ಹೊಳೆಯಲಿಲ್ಲವೋ ನನಗೆ ತಿಳಿಯದು.

ಈ ಸಲಹೆಗೆ ಒಂದು ಗಂಭೀರ ಆಕ್ಷೇಪವುಂಟು. ಸಾತನೂರಿನ ಬಡ ಹುಡುಗಿಯನ್ನು ಒಂಬತ್ತು ವರ್ಷ ಸಾತನೂರಿಗೆ ಕಟ್ಟಿಹಾಕಿ, ದುಡ್ಡಿದ್ದ ಬೆಂಗಳೂರಿನ ಹುಡುಗನನ್ನು ಸ್ವತಂತ್ರವಾಗಿ ಬಿಡುವುದು ಯಾವ ನ್ಯಾಯ? ಆಕ್ಷೇಪ ಸರಿಯಾದದ್ದೇ. ಅದಕ್ಕಾಗಿಯೇ ಒಪ್ಪಂದ ಎರಡೂ ಕಡೆಯದಾಗಿರಬೇಕು: ವಾಸಕ್ಕೆ ಯೋಗ್ಯವಾದ ವಸತಿಗೃಹ, ನಿಗದಿತ ವರ್ಷಗಳ ನಂತರ ಸ್ನಾತಕೋತ್ತರ ಸೀಟು, ಜತೆಗೆ ದುಡಿಯುವ ಪೂರ್ಣ ತಂಡ. ಒಬ್ಬಂಟಿ ವೈದ್ಯೆಯನ್ನು ಔಷಧಿ ಮುಗಿದ ಕೇಂದ್ರದಲ್ಲಿ ಕೂರಿಸಿ, ಜನ ಕಲ್ಲೆಸೆದಾಗ ವರ್ಗಾವಣೆ ಮಾಡುವ ಈಗಿನ ಪದ್ಧತಿಗೆ ಒಪ್ಪಂದವೆಂಬ ಹೆಸರು ಒಪ್ಪುವುದಿಲ್ಲ.

ತಂಡವೆಂದಾಗ ವೈದ್ಯರೊಬ್ಬರೇ ಅಲ್ಲ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 10,82,636. ಸುಸ್ಥಿರ ಅಭಿವೃದ್ಧಿ ಗುರಿಗಳಿಗಾಗಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ, ಸಾವಿರ ಜನರಿಗೆ 4.45 ವೈದ್ಯರು, ದಾದಿಯರು ಮತ್ತು ಸೂಲಗಿತ್ತಿಯರು ಎಂಬ ಅಳತೆಯನ್ನು ಅನ್ವಯಿಸಿದರೆ ಸುಮಾರು 4,800 ಮಂದಿ ಬೇಕು. ಅನುಪಾತವನ್ನು ಹಳಿದ ನಾನೇ ಅನುಪಾತ ಹೇಳುತ್ತಿದ್ದೇನೆ ಎಂದು ಓದುಗರು ನಗಬಹುದು. ಒಟ್ಟು ಅಗತ್ಯದ ಅಂದಾಜಿಗೆ ಅದು ಸಾಕು, ಯಾರು ಎಲ್ಲಿ ಎಂಬುದಕ್ಕೆ ಸಾಲದು. ನೂರೈವತ್ತು ಸೀಟಿನ ಕಾಲೇಜೊಂದು ಈ ಸಂಖ್ಯೆಯನ್ನು ತುಂಬಲಾರದು, ತುಂಬಬೇಕಾದವರಲ್ಲಿ ಬಹುಪಾಲು ದಾದಿಯರು. ಹಳ್ಳಿಯಲ್ಲಿ ಇಂದಿಗೂ ಆರೋಗ್ಯ ಇಲಾಖೆಯೆಂದರೆ ಉಪಕೇಂದ್ರದ ಸಿಸ್ಟರು ಮತ್ತು ಆಶಾ. 2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಕಳೆದ ಮೇಲೆ ಸಿಕ್ಕಿದ್ದು ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ. ಕಾಗದದ ಮೇಲೆ ಅವರು ಇಂದಿಗೂ ನೌಕರರಲ್ಲ, ಸ್ವಯಂಸೇವಕಿಯರು. ನಮ್ಮತ್ತೆಯ ಜತೆ ಆಂಬುಲೆನ್ಸ್ ಹತ್ತಿದಾಕೆ ಬೆಳಗಿನ ಜಾವ ಬೆಂಗಳೂರಿನಿಂದ ಬಸ್ಸು ಹಿಡಿದು ಊರಿಗೆ ಮರಳಿ, ಎಂಟು ಗಂಟೆಗೆ ಮತ್ತೆ ಮನೆ ಮನೆ ಸುತ್ತಲು ಹೊರಟಿದ್ದರು. ಬಸ್ ಚಾರ್ಜು ಕೊಡಲು ಹೋದಾಗ "ಬ್ಯಾಡಿ ಸಾ" ಎಂದರು.

ಕಾಲೇಜು ರಾಮನಗರದಲ್ಲೇ ಆಗಲಿ, ಕನಕಪುರದಲ್ಲೇ ಆಗಲಿ, ಅಥವಾ ಎರಡರಲ್ಲೂ ಆಗಲಿ. ಅದಕ್ಕೂ ಮೊದಲು ಜಿಲ್ಲಾಡಳಿತ ಹೋಬಳಿವಾರು ಕೆಲಸದ ಲೆಕ್ಕ ತೆಗೆಯಲಿ. ತಾಲ್ಲೂಕುಗಳ ಮಕ್ಕಳಿಗೆ, ವೈದ್ಯಕೀಯದಲ್ಲಷ್ಟೇ ಅಲ್ಲ, ನರ್ಸಿಂಗ್, ಅರಿವಳಿಕೆ, ಎಕ್ಸ್‌ರೇ, ಪ್ರಯೋಗಾಲಯದ ಕೋರ್ಸುಗಳಲ್ಲಿ ಮರಳಿ ಬರುವ ಒಪ್ಪಂದದೊಡನೆ ಸೀಟು ಕಾದಿರಿಸಲಿ. ಲೆಕ್ಕ ತೆಗೆಯುವುದಕ್ಕೆ ಹೊಸ ಸಮಿತಿಯೂ ಬೇಡ, ವಿದೇಶ ಪ್ರವಾಸವೂ ಬೇಡ. ಮೂರು ತಿಂಗಳಿಗೊಮ್ಮೆ ನಡೆಯುವ ಕೆಡಿಪಿ ಸಭೆಯಲ್ಲಿ ಆರೋಗ್ಯ ಇಲಾಖೆ ಮಂಡಿಸುವ ಪಟ್ಟಿಯಲ್ಲಿ ಈಗ ಮಂಜೂರು, ಭರ್ತಿ, ಖಾಲಿ ಎಂಬ ಮೂರು ಅಂಕಣಗಳಿರುತ್ತವೆ. ಮುಂದಿನ ಸಭೆಯಲ್ಲಿ ಶಾಸಕರು ನಾಲ್ಕನೆಯದೊಂದನ್ನು ಕೇಳಲಿ: ಪ್ರತಿ ಆಸ್ಪತ್ರೆಯಲ್ಲಿ ಕಳೆದ ಮೂರು ತಿಂಗಳ ಎಷ್ಟು ರಾತ್ರಿ ಎಕ್ಸ್‌ರೇ, ಹೆರಿಗೆ ಮತ್ತು ರಕ್ತಪರೀಕ್ಷೆ ಲಭ್ಯವಿತ್ತು?